ಎಂಟು ಡ್ರಮ್ ಬಾದಾಮಿ ಘಮ

"ಡಬ್ಬಿ ಇಲ್ಲಿ ಕೊಡಿ ಮೇಡಂ. ಮರ್ಯಾದೆಯಾಗಿ ಕೇಳ್ತಾ ಇದೀನಿ."

ಮರ್ಯಾದೆಯಾಗಿಯೇ ಕೇಳುತ್ತಿದ್ದ. ಕೈಯಲ್ಲಿ ಮಾತ್ರ ನನ್ನಷ್ಟೇ ಎತ್ತರದ ಕಬ್ಬಿಣದ ರಾಡ್ ಇತ್ತು!

ನನ್ನ ಬೆನ್ನಿಗೆ ಗೋಡೆ. ಪಕ್ಕದಲ್ಲಿ ನೈಟ್ರಿಕ್ ಆಸಿಡ್ ತುಂಬಿದ ದೊಡ್ಡ ಗಾಜಿನ ಜಾಡಿ. ಎದುರಿಗೆ ಟ್ರಕ್.

ಟ್ರಕ್ ಅಂದರೆ ವಾಹನವಲ್ಲ. ಆ ಫ್ಯಾಕ್ಟರಿಯ ಸೆಕ್ಯುರಿಟಿ ಹೆಡ್. ಅವನು ಬಾಗಿಲಲ್ಲಿ ನಿಂತರೆ ಬಾಗಿಲು ಹಾಕುವ ಅಗತ್ಯವೇ ಇರಲಿಲ್ಲ.

"ಇದು ನನ್ನ ಊಟದ ಡಬ್ಬಿ ಕಣಪ್ಪ," ಎಂದೆ.

"ಊಟದ ಡಬ್ಬಿ ಹಿಡ್ಕೊಂಡು ಯಾರು ಏಣಿ ಹತ್ತಿ ಸೂರು ಕೆರೀತಾರೆ?"

ಪ್ರಶ್ನೆ ಚೆನ್ನಾಗಿತ್ತು. ಆ ಮೈಯ ಮೇಲೆ ತಲೆಯೂ ಇದೆ ಎಂದು ನಾನು ಅಂದುಕೊಂಡಿರಲಿಲ್ಲ!

ರಾಡ್ ಬೀಸಿದ.

ನಾನು ಬಗ್ಗಿದೆ.

ಫಳ್!

ರಾಡ್ ಬಡಿದದ್ದು ಜಾಡಿಗೆ. ಆಸಿಡ್ ನೆಲದ ತುಂಬ ಹರಿಯಿತು. ಟ್ರಕ್ ಎರಡು ಹೆಜ್ಜೆ ಹಿಂದೆ ಜಿಗಿದು, ಮೂಲೆಯಲ್ಲಿದ್ದ ಮೂಟೆಗೆ ಕೈ ಹಾಕಿದ. ಮರದ ಹೊಟ್ಟು. ಎಣ್ಣೆ ಚೆಲ್ಲಿದಾಗ ಮೇಲೆ ಹಾಕಿ ಗುಡಿಸಲು ಇಟ್ಟಿದ್ದು.

"ಹೊಟ್ಟು ಹಾಕಬೇಡ!" ಎಂದು ಕಿರುಚಿದೆ.

"ಸುಮ್ನಿರಿ ಮೇಡಂ! ಕೆಲಸಕ್ಕೆ ಸೇರಿದಾಗಿಂದ ಇದನ್ನೇ ಮಾಡ್ತಾ ಇರೋದು!"

ಮೂಟೆ ಪೂರ್ತಿ ಸುರಿದ!

ನೋಡಿ... ಸ್ಟ್ರಾಂಗ್ ಆಕ್ಸಿಡೈಸರ್ ಅಂದರೆ ಹೊಟ್ಟೆಗಿಲ್ಲದೆ ಬಂದ ನೆಂಟ. ಮುಂದೆ ಏನಿದ್ದರೂ ತಿನ್ನುತ್ತದೆ. ಮರ, ಬಟ್ಟೆ, ಸಕ್ಕರೆ, ಚರ್ಮ... ಒಂದು ಕಾಲದಲ್ಲಿ ಜೀವ ಇದ್ದದ್ದು ಯಾವುದಾದರೂ ಸರಿ. ಅದರ ಮುಂದೆ ಒಂದು ಮೂಟೆ ಹೊಟ್ಟು ಸುರಿಯುವುದೆಂದರೆ ಎಲೆ ಹಾಕಿ ಬಡಿಸಿದ ಹಾಗೆ!

ಹೊಟ್ಟು ಬುಸುಗುಟ್ಟಿತು. ಕಂದು ಬಣ್ಣದ ಹೊಗೆ ಎದ್ದಿತು. ಟ್ರಕ್ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ.

"ಓಡು ಪುಣ್ಯಾತ್ಮ!"

ಓಡಲಿಲ್ಲ. ಅವನ ಬೆಲ್ಟ್ ಹಿಡಿದು ಎಳೆದೆ. ನಾವಿಬ್ಬರೂ ಅಂಗಳಕ್ಕೆ ಬಿದ್ದಾಗ ಹಿಂದೆ ಭುಗ್ ಎಂದಿತು. ಬಾಗಿಲ ತುಂಬ ಬೆಂಕಿ!

ಸುಮ್ಮನೆ ಓಡಿಹೋಗಬಹುದಿತ್ತು. ಡಬ್ಬಿ ಕಂಕುಳಲ್ಲೇ ಇತ್ತು. ಆದರೆ ಅವನು ಬಲಗೈ ಹಿಡಿದುಕೊಂಡು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದ. ಆಸಿಡ್ ಸಿಡಿದ ಕಡೆ ಚರ್ಮ ಹಳದಿಯಾಗುತ್ತಿತ್ತು. ಮಕ್ಕಳನ್ನು ಸಾಕಿದ ಹೆಂಗಸಿಗೆ ಅಂಥ ಮುಖ ಬಿಟ್ಟು ಓಡಲು ಬರುವುದಿಲ್ಲ. ಹಾಳಾದ ಅಭ್ಯಾಸ!

ಕಿವಿ ಹಿಡಿದು ನಲ್ಲಿಯ ಹತ್ತಿರ ಎಳೆದೊಯ್ದೆ.

"ನೀರಿನ ಕೆಳಗೇ ಇರ್ಲಿ ಕೈ. ತೆಗೀಬೇಡ."

"ಉರಿ..."

"ಉರಿಯುತ್ತೆ. ತೆಗೆದ್ರೆ ಇನ್ನೂ ಉರಿಯುತ್ತೆ. ಇಟ್ಕೋ."

"ನನ್ಯಾಕೆ ಎಳ್ಕೊಂಡ್ ಬಂದ್ರಿ? ನಿಮ್ಮ ತಂಗಿ ನನ್ನ ಭಾವನ್ನ ಸುಟ್ಟಳು. ಅಕ್ಕ ಆಸ್ಪತ್ರೆಲಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗ್ತಾಳೆ."

ಅಂದರೆ ಆ ರಾಡ್ ಬರೀ ಸಂಬಳಕ್ಕಾಗಿ ಎತ್ತಿದ್ದಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ನಾನು ಯಾರು ಅಂತಲೇ ನಿಮಗೆ ಹೇಳಿಲ್ಲ.

ಬೆಂಕಿ ಆರಿದ ಮೇಲೆ ಬರುವವಳು ನಾನು. ಅಂಗಡಿಯೋ ಗೋದಾಮೋ ಸುಟ್ಟರೆ, ಅದು ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ ಎಂದು ಇನ್ಶೂರೆನ್ಸ್ ಕಂಪನಿಗಳಿಗೆ ಹುಡುಕಿಕೊಡುವುದು ನನ್ನ ಕಸುಬು. ಎದುರಿಗೆ 'ಬೂದಿ ಮೇಡಂ' ಅನ್ನುತ್ತಾರೆ. ಬೆನ್ನ ಹಿಂದೆ ಅನ್ನುವುದು ಬೇರೆ. ಅದು ಇಲ್ಲಿ ಬೇಡ.

ಈ ಸಲ ಕಂಪನಿಯವರು ನನ್ನನ್ನು ದೂರವೇ ಇಟ್ಟಿದ್ದರು. ಕಾರಣ, ಆರೋಪ ಇದ್ದದ್ದು ನನ್ನ ಒಡಹುಟ್ಟಿದ ತಂಗಿಯ ಮೇಲೆ!

ತಂಗಿ ಆ ಫ್ಯಾಕ್ಟರಿಯಲ್ಲಿ ಕೆಮಿಸ್ಟ್. ಅಲ್ಲಿ ತಯಾರಾಗುವುದು ಬಾದಾಮಿ ಘಮ. ಬಾದಾಮಿಯ ಮುಖವನ್ನೇ ನೋಡದ ಸೋಪು, ಬಿಸ್ಕತ್ತುಗಳಿಗೂ ಬಾದಾಮಿ ವಾಸನೆ ಇರುತ್ತದಲ್ಲ... ಅದು. ನೀರಿನಂಥ ದ್ರವ. ಬೆಂಜಾಲ್ಡಿಹೈಡ್ ಎಂದು ಅದರ ಹೆಸರು. ಅದನ್ನು ಮಾಡುವುದು ಒಂದು ಜಾತಿಯ ಆಲ್ಕೊಹಾಲಿನಿಂದ. ಆಲ್ಕೊಹಾಲನ್ನು ಆಕ್ಸಿಡೈಸ್ ಮಾಡಿದರೆ ಮೊದಲು ಆಲ್ಡಿಹೈಡ್ ಆಗುತ್ತದೆ. ಇನ್ನೂ ಮಾಡಿದರೆ ಆಸಿಡ್ ಆಗುತ್ತದೆ. ಬಿಳಿ ಪುಡಿ. ಘಮ ಇರುವುದು ನಡುವಿನ ಆಲ್ಡಿಹೈಡಿನಲ್ಲಿ ಮಾತ್ರ. ಅಲ್ಲೇ ನಿಲ್ಲಿಸಬೇಕು.

ನಿಲ್ಲಿಸಲು ಮೆತ್ತಗಿನ ಆಕ್ಸಿಡೈಸರ್ ಬೇಕು. ಅದು ದುಬಾರಿ. ನಿಧಾನ. ನೇರಳೆ ಹರಳಿನ ಪರ್ಮ್ಯಾಂಗನೇಟ್ ಹಾಕಿ ಕಾಯಿಸಿದರೆ ಅಗ್ಗ. ಬೇಗವೂ ಹೌದು. ಆದರೆ ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ... ಮೈಕ್ ಕೈಗೆ ಸಿಕ್ಕಿದ ಅಧ್ಯಕ್ಷರ ಹಾಗೆ!

ಫ್ಯಾಕ್ಟರಿಯ ಡೈರೆಕ್ಟರ್‌ಗೆ ಡಾಕ್ಟರೇಟ್ ಇತ್ತು. ಎಲ್ಲರೂ ಅವನನ್ನು ಡಾಕ್ಟರ್ ಎಂದೇ ಕರೆಯಬೇಕು. ಅವನ ಹೆಂಡತಿ ಕೂಡ! ಅವನಿಗೆ ಅಗ್ಗದ ದಾರಿಯ ಮೇಲೆ ಕಣ್ಣು ಬಿತ್ತು. ಮೀಟಿಂಗಿನಲ್ಲಿ ತಂಗಿ ಎದ್ದು, "ಡಾಕ್ಟರ್, ಪರ್ಮ್ಯಾಂಗನೇಟ್ ಹಾಕಿದ್ರೆ ಪೂರ್ತಿ ಆಸಿಡ್ ಆಗಿಹೋಗುತ್ತೆ," ಅಂದಳಂತೆ. ಮಾರನೆಯ ದಿನ ಅವಳನ್ನು ನೀರು ಪರೀಕ್ಷೆ ಮಾಡುವ ಟೇಬಲ್ಲಿಗೆ ತಳ್ಳಿದರು. ಆ ಪರೀಕ್ಷೆಗೆ ಪರ್ಮ್ಯಾಂಗನೇಟ್ ಒಂದು ಸಣ್ಣ ಟಿನ್ ಬೇಕಾಗುತ್ತದೆ. ಅವಳ ಮೇಜಿನ ಮೇಲೆ ಅದು ಇರುತ್ತಿತ್ತು.

ಆಮೇಲೆ ಒಂದು ರಜೆಯ ದಿನ ಮಧ್ಯಾಹ್ನ ಗೋದಾಮಿಗೆ ಬೆಂಕಿ ಬಿತ್ತು. ಎಂಟು ಡ್ರಮ್ ಬಾದಾಮಿ ಘಮ ಭಸ್ಮ. ಮಾಲಿಗೆ ಇನ್ಶೂರೆನ್ಸ್ ಭರ್ತಿ ಇತ್ತು. ಒಳಗೆ ನುಗ್ಗಿದ ವಾಚ್‌ಮನ್ ಬೆಂದು ಆಸ್ಪತ್ರೆ ಸೇರಿದ. ಅವನೇ ಟ್ರಕ್ ಹೇಳಿದ ಭಾವ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಡ್ರಮ್ಮಿನ ಪಕ್ಕ ಸಿಕ್ಕಿದ್ದು ತಂಗಿಯ ಟಿನ್! ಪೊಲೀಸರು ಅವಳನ್ನು ಸ್ಟೇಷನ್ನಿಗೆ ಎಳೆದೊಯ್ದರು.

ಆ ನೇರಳೆ ಹರಳಿನ ಮೇಲೆ ಯಾವುದು ಬಿದ್ದರೆ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದು ಕೇಳಬೇಡಿ. ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಮಕ್ಕಳಿರುತ್ತವೆ.

ಡಾಕ್ಟರ್ ಪೊಲೀಸರಿಗೆ ಬರೆದುಕೊಟ್ಟದ್ದು ಇಷ್ಟು: "ನಮ್ಮ ತಯಾರಿಕೆಯಲ್ಲಿ ಪರ್ಮ್ಯಾಂಗನೇಟ್ ಬಳಸುವುದೇ ಇಲ್ಲ. ಆಕೆಯೊಬ್ಬಳೇ ತರಿಸುತ್ತಿದ್ದಳು."

ನಾನು ಮೊದಲು ಹೋದದ್ದು ಬೆಂಕಿ ಆರಿಸಿದವರ ಹತ್ತಿರ. "ಬಾದಾಮಿ ವಾಸನೆ ಹೇಗಿತ್ತು?" ಎಂದು ಕೇಳಿದೆ.

"ಬಾದಾಮಿನಾ? ಕೆಮ್ಮಿ ಕೆಮ್ಮಿ ಕರುಳು ಬಾಯಿಗೆ ಬಂತು ಮೇಡಂ!"

ಎಂಟು ಡ್ರಮ್ ಘಮ ಹೊತ್ತಿ ಉರಿದರೆ ಊರಿಗೆ ಊರೇ ಬಿಸ್ಕತ್ತಿನ ಅಂಗಡಿಯಾಗಬೇಕಿತ್ತು! ಯಾರ ಮೂಗಿಗೂ ಬಿದ್ದಿಲ್ಲ. ಬರೀ ಕೆಮ್ಮು.

ಅದಕ್ಕೇ ಕಾಂಪೌಂಡ್ ಹಾರಿದೆ. ಅದಕ್ಕೇ ಏಣಿ ಹತ್ತಿದೆ. ಗೋದಾಮಿನ ದೂರದ ಮೂಲೆಯಲ್ಲಿ ಬೆಂಕಿ ಮುಟ್ಟಿರಲಿಲ್ಲ. ಅಲ್ಲಿ ತಗಡಿನ ಸೂರಿನ ಒಳಮೈಗೆ ಬಿಳಿ ಸೂಜಿಗಳು ಅಂಟಿಕೊಂಡಿದ್ದವು. ತೆಳ್ಳಗೆ, ಮಿಣಮಿಣ. ಆ ಆಸಿಡ್ ಪುಡಿ ಕಾದರೆ ಆವಿಯಾಗಿ ಮೇಲೇಳುತ್ತದೆ. ಮೂಗಿಗೆ ಹೋದರೆ ಕೆಮ್ಮು ತರಿಸುತ್ತದೆ. ತಣ್ಣನೆಯ ತಗಡು ಸಿಕ್ಕಿದರೆ ಹೀಗೆ ಸೂಜಿಯಾಗಿ ಕೂರುತ್ತದೆ. ಡ್ರಮ್ಮಿನಲ್ಲಿ ಇದ್ದದ್ದು ಘಮವಲ್ಲ. ಕೆಟ್ಟುಹೋದ ಪುಡಿ! ಸೂಜಿ ಕೆರೆದು ಡಬ್ಬಿಗೆ ತುಂಬುವಷ್ಟರಲ್ಲಿ ಟ್ರಕ್ ಬಂದ. ಏಣಿಯಿಂದ ಹಾರಿ ಪಕ್ಕದ ಆಸಿಡ್ ರೂಮಿಗೆ ನುಗ್ಗಿದೆ.

ಉಳಿದದ್ದು ನಿಮಗೆ ಗೊತ್ತು.

ನಲ್ಲಿಯ ಕೆಳಗೆ ಕೈ ಇಟ್ಟುಕೊಂಡು ಟ್ರಕ್ ಗೊಣಗುತ್ತಿದ್ದ.

"ಟಿನ್ ನಿಮ್ಮ ತಂಗೀದೇ. ನಂಗೊತ್ತು. ಬೆಂಕಿ ಬೀಳೋ ಹಿಂದಿನ ದಿನ ಅವಳ ಟೇಬಲ್ ಮೇಲಿಂದ ನಾನೇ ತಗೊಂಡ್ ಹೋಗಿ ಡಾಕ್ಟರ್ ಸಾರ್‌ಗೆ ಕೊಟ್ಟಿದ್ದೆ..."

ನಾನು ನಲ್ಲಿ ಇನ್ನಷ್ಟು ತಿರುಗಿಸಿದೆ.

ನೀರು ಬೀಳುತ್ತಿತ್ತು.

ಆ ದೊಡ್ಡ ತಲೆಯೊಳಗೆ ಮಾತು ಒಂದು ಸುತ್ತು ಹೋಗಿ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂತು. ಮುಖ ಕಪ್ಪಾಯಿತು.

"ಡಾಕ್ಟರ್ ಸಾರ್ ಸ್ಟೇಷನ್‌ಗೆ ಹೋಗಿದಾರೆ," ಎಂದ. "ನಿಮ್ಮ ತಂಗಿ ಹತ್ರ ಸೈನ್ ಹಾಕಿಸ್ಕೊಳ್ಳಕ್ಕೆ. ತಪ್ಪು ನಂದೇ ಅಂತ."

"ನೀನೂ ಬಾ. ಇದನ್ನೇ ಅಲ್ಲಿ ಹೇಳು."

ಎದ್ದು ನಿಂತ. ತಲೆ ತಿರುಗಿ ಅಲ್ಲೇ ಕುಸಿದ. ಹೊಗೆ ಕುಡಿದಿದ್ದ. ಎಡಗೈಯನ್ನು ಜೇಬಿಗೆ ಹಾಕಿ ಒಂದು ಕೀ ಎಸೆದ.

"ಬೈಕ್. ಗೇಟ್ ಹತ್ರ. ಸೆಕೆಂಡ್ ಗೇರ್ ಹಿಡ್ಕೊಳ್ಳುತ್ತೆ... ಒದೀಬೇಡಿ. ಮೆಲ್ಲಗೆ."

ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಫೈರ್ ಇಂಜಿನ್ನಿಗೂ ಹೇಳಿ ಓಡಿದೆ!

ಗೇಟಿನಲ್ಲಿ ಇನ್ನಿಬ್ಬರು ಗಾರ್ಡ್‌ಗಳು. ಹಿಂದೆ ಬೆಂಕಿ ಹೊತ್ತಿ ಉರಿಯುತ್ತಿದೆ, ಅದನ್ನು ಬಿಟ್ಟು ನನ್ನ ಹಿಂದೆ ಬಿದ್ದರು. ನಿಷ್ಠೆ ಅಂದರೆ ಅದು! ಜೀಪ್ ಸ್ಟಾರ್ಟ್ ಆದ ಸದ್ದು ಕೇಳಿತು.

ಫಸ್ಟ್ ಗೇರ್. ಸೆಕೆಂಡ್... ಹಿಡಿಯಿತು!

ಜೀಪ್ ಬೆನ್ನಿಗೇ ಬಂತು. ಹಾರನ್. ಬೈಗುಳ. ಕನ್ನಡಿಯಲ್ಲಿ ಬಂಪರ್ ಕಾಣುತ್ತಿತ್ತು... ಬರೀ ಬಂಪರ್!

ಒದೆಯಬೇಡಿ ಅಂದಿದ್ದ. ಒದ್ದೆ.

ಬೈಕ್ ಜಿಗಿಯಿತು! ವೆಲ್ಡಿಂಗ್ ಅಂಗಡಿಗಳ ಗಲ್ಲಿಗೆ ನುಗ್ಗಿದೆ. ಎದುರಿಗೆ ಹಾಸಿಗೆ ಅಂಗಡಿಯವನು ಡಬಲ್ ಹಾಸಿಗೆಯೊಂದನ್ನು ಕೈಗಾಡಿಯ ಮೇಲೆ ನಿಲ್ಲಿಸಿ ತಳ್ಳಿಕೊಂಡು ಬರುತ್ತಿದ್ದ.

"ಸ್ವಲ್ಪ ಬಿಡಣ್ಣಾ!"

"ಎಲ್ಲಿಗ್ ಬಿಡ್ಲಿ? ಗೋಡೆ ಒಳಗಾ?"

ಗೋಡೆಗೂ ಹಾಸಿಗೆಗೂ ನಡುವೆ ತೂರಿದೆ. ಒಂದು ಕನ್ನಡಿ ಅಲ್ಲೇ ಉಳಿಯಿತು. ಹಿಂದೆ ಜೀಪ್ ಹಾಸಿಗೆಗೆ ಗುದ್ದಿದ ಸದ್ದು... ಧಪ್! ಮೆತ್ತಗೆ. ಆಮೇಲೆ ಹಾಸಿಗೆಯವನ ಬಾಯಿ ಶುರುವಾಯಿತು. ಆ ಗಾರ್ಡ್‌ಗಳು ಇವತ್ತಿಗೂ ಅಲ್ಲೇ ಬೈಸಿಕೊಳ್ಳುತ್ತಿರಬೇಕು.

ಸ್ಟೇಷನ್.

ಬೆಂಚಿನ ಮೇಲೆ ತಂಗಿ. ಕಣ್ಣು ಊದಿತ್ತು. ಮುಂದೆ ಒಂದು ಹಾಳೆ. ಕೈಯಲ್ಲಿ ಪೆನ್ನು. ಎದುರಿನ ಕುರ್ಚಿಯಲ್ಲಿ ಡಾಕ್ಟರ್. ಕಾಲ ಮೇಲೆ ಕಾಲು. ಕೈಯಲ್ಲಿ ಸರ್ಕಾರದ ಟೀ!

"ಸಹಿ ಮಾಡಮ್ಮ," ಎನ್ನುತ್ತಿದ್ದ. ಬೆಣ್ಣೆಯಂಥ ದನಿ. "ಅಜಾಗರೂಕತೆ ಅಂದ್ರೆ ಸಣ್ಣ ಶಿಕ್ಷೆ. ಬೇಕಂತಲೇ ಹಚ್ಚಿದ್ದು ಅಂತಾದ್ರೆ... ನಾಳೆ ಆ ವಾಚ್‌ಮನ್‌ಗೆ ಏನಾದ್ರೂ ಆದ್ರೆ... ಪಾಪ, ನಿನ್ನ ಮಗಳು ಇನ್ನೂ ಚಿಕ್ಕವಳು."

ಪೆನ್ನು ಹಾಳೆಗೆ ತಾಗಿತ್ತು.

"ಪೆನ್ ಕೆಳಗಿಡೇ!" ಎಂದೆ.

ಇನ್‌ಸ್ಪೆಕ್ಟರ್ ತಲೆ ಎತ್ತಿದರು. ನನ್ನ ಕೂದಲಲ್ಲಿ ಮರದ ಹೊಟ್ಟು, ಮುಖದಲ್ಲಿ ಮಸಿ. "ಏನಮ್ಮಾ, ಹೊಸ ಬೆಂಕಿನಾ?"

"ಹೌದು ಸರ್. ಅದೂ ಇವರದೇ ಫ್ಯಾಕ್ಟರೀಲಿ. ಅದನ್ನ ಆಮೇಲೆ ನೋಡೋಣ."

ಡಬ್ಬಿ ತೆರೆದು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಸೂರು, ಸೂಜಿ, ಕೆಮ್ಮು, ಇಲ್ಲದ ಘಮ. ಟ್ರಕ್‌ನ ಮಾತೂ ಹೇಳಿದೆ.

"ಆ ಟ್ರಕ್ ಎಲ್ಲಿ?"

"ಆಸ್ಪತ್ರೆಗೆ ಹೋಗಿರ್ತಾನೆ ಸರ್."

"ಅಂದ್ರೆ ಅವನು ಹೇಳಿದ ಅಂತ ನೀವು ಹೇಳ್ತಾ ಇದೀರಿ." ಇನ್‌ಸ್ಪೆಕ್ಟರ್ ಡಾಕ್ಟರ್ ಕಡೆ ತಿರುಗಿದರು. "ಈ ಸೂಜಿಗೆ ಏನಂತೀರಿ ಡಾಕ್ಟ್ರೇ?"

ಡಾಕ್ಟರ್ ನಕ್ಕ. ಡಬ್ಬಿಯನ್ನು ಒಂದು ಬೆರಳಿನಿಂದ ದೂರ ತಳ್ಳಿದ.

"ಬೆಂಜಾಯಿಕ್ ಆಸಿಡ್. ಇರಲೇಬೇಕು! ಆಲ್ಡಿಹೈಡಿಗೆ ಗಾಳಿ ತಾಗಿದರೆ ಸಾಕು, ತಾನಾಗಿಯೇ ಇದಾಗುತ್ತದೆ. ಬೆಂಕಿಯಲ್ಲಿ ಡ್ರಮ್ ಒಡೆಯಿತು, ಗಾಳಿ ತಾಗಿತು. ಕಾಲೇಜಿಗೆ ಕಾಲಿಟ್ಟ ಮಕ್ಕಳಿಗೂ ಗೊತ್ತು ಮೇಡಂ. ತಾವು ಬೂದಿ ಕೆದಕಿಕೊಂಡು ಇರುವುದೇ ಕ್ಷೇಮ."

ಇನ್‌ಸ್ಪೆಕ್ಟರ್ ನನ್ನ ಕಡೆ ನೋಡಿದರು. ನಾನು ತಂಗಿಯ ಕಡೆ ನೋಡಿದೆ. ಅಲ್ಲ ಅನ್ನೇ... ಏನಾದರೂ ಅನ್ನೇ!

"ಅಕ್ಕ..." ಅವಳ ದನಿ ಏಳಲೇ ಇಲ್ಲ. "ಅದು ನಿಜ ಕಣೇ. ಗಾಳಿ ತಾಗಿದ್ರೆ ಸ್ವಲ್ಪ ಹಾಗಾಗುತ್ತೆ."

ನನ್ನ ತಲೆ ಕೆಟ್ಟುಹೋಯಿತು! ಜೈಲಿನ ಬಾಗಿಲಲ್ಲಿ ನಿಂತವಳು, ಎದುರಾಳಿಯ ವಾದ ಸರಿ ಎಂದು ಸಾಕ್ಷಿ ಹೇಳುತ್ತಿದ್ದಾಳೆ! ಇವಳು ಚಿಕ್ಕಂದಿನಿಂದಲೂ ಹೀಗೆಯೇ. ಅಪ್ಪ ನೀರು ಕುದಿಯಿತು ಅಂದರೆ, ಇನ್ನೂ ಇಲ್ಲ, ಗುಳ್ಳೆ ಬಂದಿದೆ ಅಷ್ಟೆ ಅನ್ನುತ್ತಿದ್ದಳು. ಕಿವಿಗೆ ತಪ್ಪು ಬಿದ್ದರೆ ಸುಮ್ಮನಿರಲು ಆಗದು. ಈ ಕೆಮಿಸ್ಟ್ ಜಾತಿಯೇ ಹೀಗೆ...

ಜಾತಿಯೇ ಹೀಗೆ?

ಡಾಕ್ಟರ್ ಕಡೆ ನೋಡಿದೆ. ಅವನೂ ಅದೇ ಜಾತಿ!

ಕುರ್ಚಿ ಎಳೆದು ಕೂತೆ. ದನಿ ಇಳಿಸಿದೆ.

"ಸರ್, ಡಾಕ್ಟರ್ ಹೇಳಿದ್ದೇ ಸರಿ ಇರಬೇಕು. ನಂದೇ ತಪ್ಪು. ಇವರ ಕೈಯಲ್ಲಿ ಡ್ರಮ್‌ಗಟ್ಟಲೆ ಆಸಿಡ್ ಆಗೋದು ಸಾಧ್ಯವೇ ಇಲ್ಲ."

"ಯಾಕೆ?" ಎಂದರು ಇನ್‌ಸ್ಪೆಕ್ಟರ್.

"ಇವರು ಕೈ ಹಾಕಿದ ಯಾವ ರಿಯಾಕ್ಷನ್ನೂ ಪೂರ್ತಿ ಆಗಲ್ವಂತೆ. ಲ್ಯಾಬಲ್ಲಿ ಎಲ್ಲರೂ ನಗ್ತಾರೆ. ಯೀಲ್ಡ್ ಯಾವತ್ತೂ ಅರ್ಧ ದಾಟಿಲ್ಲವಂತೆ."

ಟೀ ಲೋಟ ತುಟಿಯ ಹತ್ತಿರ ನಿಂತಿತು.

ಯೀಲ್ಡ್ ಅಂದರೆ ನಿಮಗೆ ಗೊತ್ತಿರಲಿ. ಪಾತ್ರೆಗೆ ಹಾಕಿದ ಮಾಲಿನಲ್ಲಿ ಎಷ್ಟು ಭಾಗ ಬೇಕಾದ ವಸ್ತುವಾಗಿ ಕೈಗೆ ಬಂತು ಎಂಬ ಲೆಕ್ಕ. ಕೆಮಿಸ್ಟ್‌ನ ವಂಶವನ್ನೇ ಬೈಯಿರಿ, ತಡೆದುಕೊಂಡಾನು. ಅವನ ಯೀಲ್ಡ್ ಬೈಯಬಾರದು!

"ಯಾರು ನಗುತ್ತಾರೆ?" ಎಂದ ಡಾಕ್ಟರ್.

"ಬಿಡಿ ಸರ್. ವಯಸ್ಸಾಯ್ತಲ್ಲ, ಕೈ ನಡುಗುತ್ತೆ."

"ಅಕ್ಕ, ಲ್ಯಾಬಲ್ಲಿ ಯಾರೂ..." ಎಂದು ತಂಗಿ ಶುರು ಮಾಡಿದಳು. ಬೆಂಚಿನ ಕೆಳಗೆ ಅವಳ ಕಾಲು ತುಳಿದೆ. ಬಲವಾಗಿ!

"ಸರ್, ಹೀಗೆ ಬರ್ಕೊಳ್ಳಿ," ಎಂದೆ ಇನ್‌ಸ್ಪೆಕ್ಟರಿಗೆ. "ನೈಟ್ರಿಕ್ ಆಸಿಡ್ ಹಾಕಿ ಏನೋ ಪ್ರಯತ್ನ ಪಟ್ಟರು. ಆಗಲಿಲ್ಲ."

"ನೈಟ್ರಿಕ್?" ಡಾಕ್ಟರ್ ಲೋಟ ಕುಕ್ಕಿದ. "ನೈಟ್ರಿಕ್ ಹಾಕಿದರೆ ಮಾಲು ಹಳದಿ ಬರುತ್ತದೆ! ಕಣ್ಣಿಲ್ಲವೇ ನಿಮಗೆ? ನೋಡಿ... ಬಿಳಿ! ಹಾಲಿನ ಹಾಗೆ!"

"ಹಾಗಾದ್ರೆ ಪರ್ಮ್ಯಾಂಗನೇಟ್ ಇರಬೇಕು. ಅದೂ ಅರ್ಧ ದಾರೀಲಿ ಸುಸ್ತಾಗಿ ನಿಂತುಹೋಗಿರುತ್ತೆ."

"ಪರ್ಮ್ಯಾಂಗನೇಟ್ ನಿಲ್ಲುತ್ತದೆಯೇ? ಬಿಸಿ ಕೊಟ್ಟರೆ ಪರ್ಮ್ಯಾಂಗನೇಟ್ ನಿಲ್ಲುತ್ತದೆಯೇ?" ಎದ್ದೇ ನಿಂತ! "ಆಸಿಡ್ ಆಗುವವರೆಗೂ ಬಿಡುವುದಿಲ್ಲ ಅದು!"

"ಪುಸ್ತಕದಲ್ಲಿ ಹಾಗಿರುತ್ತೆ ಸರ್. ನಿಮ್ಮ ಕೈಯಲ್ಲಿ... ಐವತ್ತು ಪರ್ಸೆಂಟ್ ಅಂತ ಹಾಕೋಣ್ವಾ?"

"ತೊಂಬತ್ತೇಳು!"

ಮೇಜು ಗುದ್ದಿದ. ಸೂಜಿಗಳು ಹಾರಿದವು.

"ತೊಂಬತ್ತೇಳು ಪರ್ಸೆಂಟ್! ಎಂಟು ಡ್ರಮ್ಮಿನಲ್ಲಿ ಒಂದು ತೊಟ್ಟು ಆಲ್ಡಿಹೈಡ್ ಉಳಿದಿರಲಿಲ್ಲ! ನಾನೇ ಒಣಗಿಸಿದ್ದು, ನಾನೇ ತೂಗಿದ್ದು, ನಾನೇ ನಿಂತು ತುಂಬಿಸಿದ್ದು! ಅರ್ಧವಂತೆ ಅರ್ಧ!"



ಬಾಗಿಲ ಹತ್ತಿರ ಕಾನ್‌ಸ್ಟೆಬಲ್ ಕೆಮ್ಮು ನುಂಗಿದ.

ಇನ್‌ಸ್ಪೆಕ್ಟರ್ ಮೆಲ್ಲಗೆ ಪೆನ್ನಿನ ಕ್ಯಾಪ್ ತೆಗೆದರು. "ಯಾವಾಗ ತೂಗಿದ್ರಿ ಡಾಕ್ಟ್ರೇ?"

"ಅದು... ಅಂದರೆ..."

"ಬೆಂಕಿ ಬಿದ್ದ ಮೇಲೆ ತೂಗಕ್ಕೆ ಏನೂ ಉಳಿದಿರ್ಲಿಲ್ಲ. ಬೆಂಕಿಗೆ ಮೊದಲೇ ತೂಗಿರ್ಬೇಕು. ಮೊದಲೇ ಪೂರ್ತಿ ಕೆಟ್ಟಿತ್ತು. ಕೆಟ್ಟದ್ದಕ್ಕೆ ಒಳ್ಳೇ ಮಾಲು ಅಂತ ಇನ್ಶೂರೆನ್ಸ್ ಕೇಳಿದೀರಿ." ಹಾಳೆ ತಿರುಗಿಸಿದರು. "ಪರ್ಮ್ಯಾಂಗನೇಟ್ ಬಳಸೋದೇ ಇಲ್ಲ ಅಂತ ನೀವೇ ಬರೆದುಕೊಟ್ಟಿದೀರಲ್ಲ ಇಲ್ಲಿ?"

ಡಾಕ್ಟರ್ ಕೂತ. ಕುರ್ಚಿ ಇದೆಯೋ ಇಲ್ಲವೋ ಎಂದು ನೋಡದೆ ಕೂತ. ಅದೃಷ್ಟ, ಇತ್ತು.

"ಕೂಡ್ಲೆ ಆಸ್ಪತ್ರೆಗೆ ಹೋಗ್ರಿ," ಎಂದರು ಇನ್‌ಸ್ಪೆಕ್ಟರ್ ಕಾನ್‌ಸ್ಟೆಬಲ್‌ಗೆ. "ಟ್ರಕ್ ಅಂತ ಒಬ್ಬ ಇದಾನಂತೆ. ಹೇಳಿಕೆ ತಗೊಳ್ಳಿ. ಹುಡುಕೋದೇನೂ ಕಷ್ಟ ಆಗಲ್ಲ ಅನ್ಸುತ್ತೆ."

ಟ್ರಕ್ ಎಲ್ಲ ಹೇಳಿದ. ಮಂಚದ ಪಕ್ಕ ಅವನ ಅಕ್ಕನೂ ಕೂತು ಕೇಳಿದಳಂತೆ. ಅವನ ಭಾವ ಆ ವಾರವೇ ಕಣ್ಣು ಬಿಟ್ಟ. ಮೊದಲು ಕೇಳಿದ್ದು ನೀರು. ಆಮೇಲೆ ಕೇಳಿದ್ದು ಡಾಕ್ಟರ್ ರಜೆಯ ದಿನ ಗೋದಾಮಿಗೆ ಯಾಕೆ ಬಂದಿದ್ದರು ಎಂದು!

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ತಂಗಿ ಸಹಿ ಇಲ್ಲದ ಆ ಹಾಳೆಯನ್ನು ಅಡ್ಡಕ್ಕೆ ಹರಿದಳು. ಮತ್ತೆ ಉದ್ದಕ್ಕೆ ಹರಿದಳು. ಎದ್ದು, ನನ್ನ ಕೂದಲಿನಿಂದ ಹೊಟ್ಟು ಒಂದೊಂದಾಗಿ ಹೆಕ್ಕತೊಡಗಿದಳು.

"ಕಾಲು ಜಜ್ಜಿಹಾಕಿದೀಯಲ್ಲೇ," ಎಂದಳು.

"ಬಾಯಿ ಮುಚ್ಚಿಸೋಕೆ ಬೇರೆ ದಾರಿ ಇರಲಿಲ್ಲ. ಎದ್ದೇಳು. ಮಗಳ ಸ್ಕೂಲ್ ಬಿಡೋ ಹೊತ್ತಾಯ್ತು."

ಹೊರಡುವ ಮೊದಲು ಒಂದು ಕೆಲಸ ಉಳಿದಿತ್ತು. ಡಾಕ್ಟರ್ ಹೇಳಿದ್ದನ್ನೆಲ್ಲ ಸ್ಟೇಷನ್ನಿನ ರೈಟರ್ ಬರೆದು ಅವನ ಮುಂದೆ ಇಟ್ಟ. ಡಾಕ್ಟರ್ ಓದಿದ. ನಿಧಾನವಾಗಿ ಓದಿದ. ಮುಖ ಬೂದಿಯಾಗಿತ್ತು. ಕೈ ಚಾಚಿ ಪೆನ್ನು ಕೇಳಿದ. ಸಹಿಗೆ ಎಂದುಕೊಂಡೆವು.

ಅಲ್ಲ!

ರೈಟರ್ 'ಬಾದಾಮಿ ಪುಡಿ' ಎಂದು ಬರೆದಲ್ಲೆಲ್ಲ ಡಾಕ್ಟರ್ ಗೀಟು ಎಳೆದು 'ಬೆಂಜಾಯಿಕ್ ಆಸಿಡ್' ಎಂದು ತಿದ್ದಿದ. ಪಕ್ಕದಲ್ಲಿ ರಿಯಾಕ್ಷನ್ನಿನ ಸಮೀಕರಣ ಬರೆದು, ಎರಡೂ ಕಡೆ ಸರಿದೂಗಿಸಿದ. ತೊಂಬತ್ತೇಳರ ಕೆಳಗೆ ಅಡ್ಡಗೆರೆ ಹಾಕಿದ. ಆಮೇಲೆ ಸಹಿ ಮಾಡಿದ. ಹಾಳೆ ಹಿಂದಕ್ಕೆ ಕೊಡುವ ಮೊದಲು ಮೂಲೆಯಲ್ಲಿ ರೈಟರಿಗೆ ಮಾರ್ಕ್ಸೂ ಹಾಕಿದ...

ಹತ್ತಕ್ಕೆ ನಾಲ್ಕು!